ಪುಕ್ಕಟೆ ವಕೀಲನ ಪ್ರಶ್ನೆ

ನವೆಂಬರ್ ೧೨, ೧೯೯೮, ಗುರುವಾರ. ಊದ್ ಮೇಥಾ.

ಆ ವಕೀಲನ ಪ್ರಶ್ನೆ ಇನ್ನೂ ತಲೆ ಕೊರೆಯುತ್ತಿದೆ.

ನಮ್ಮ ಸೈಟಿನ ಬಡಗಿ ಪರಸಪ್ಪ ಕೆಲಸಗಾರರ ಕ್ಯಾಂಪಿನ ಮೆಟ್ಟಿಲ ಮೇಲೆ ಗೆಳೆಯನನ್ನು ದೂಡಿದ. ಬಿದ್ದವನು ಏಳಲೇ ಇಲ್ಲ. ಈಗ ಕೊಲೆ ಕೇಸು. ವಕೀಲನನ್ನು ಹಿಡಿಯುವ ಶಕ್ತಿ ಅವನಿಗಿಲ್ಲವೆಂದು ಇಲ್ಲಿಯ ಅರಬ್ ಸರಕಾರವೇ ಒಬ್ಬನನ್ನು ಕೊಟ್ಟಿದೆ. ಮಧ್ಯಾಹ್ನ ಆಫೀಸಿನಲ್ಲಿ ನಾನು ಇದನ್ನೇ ಆಡಿಕೊಂಡಿದ್ದೆ. ಆರೋಪಿಯ ಖರ್ಚನ್ನು ಮನೆಯವರು ನೋಡಲಿ, ಇಲ್ಲವೇ ಊರಿನವರು ನೋಡಲಿ. ಖಜಾನೆಗೇಕೆ ಆ ಭಾರ? ಪುಕ್ಕಟೆ ವಕೀಲ ಕೋರ್ಟಿಗೆ ಮುಖ ತೋರಿಸಿ ಮನೆಗೆ ಹೋಗುತ್ತಾನೆ, ಅಷ್ಟೇ, ಎಂದಿದ್ದೆ.

ಸಂಜೆ ಆ ವಕೀಲನದೇ ಫೋನು, ಕನ್ನಡ ಬಲ್ಲವನೆಂದು ನನಗೆ, ಹರಕು ಹಿಂದಿಯಲ್ಲಿ. ಪರಸಪ್ಪ ಒಂದೇ ಮಾತು ಹೇಳುತ್ತಾನಂತೆ: "ಸುಮ್ನ ದೂಡೀನ್ರೀ." ಅರಬ್ಬಿ ಹೇಳಿಕೆಯಲ್ಲಿ ಅದು "ಕಾರಣವಿಲ್ಲದೆ ದೂಡಿದೆ" ಎಂದಾಗಿದೆ. ಅರ್ಥ ಅದೇನಾ ಎಂದು ಕೇಳಿದ.

ಅದೇ ಅರ್ಥ. ಅದಲ್ಲವೇ ಅಲ್ಲ. ಶನಿವಾರ ಹೇಳುತ್ತೇನೆಂದೆ.

ಸರಕಾರ ಕೈ ಬಿಗಿಹಿಡಿದು ಖರ್ಚು ಮಾಡಬೇಕೆನ್ನುವವನು ನಾನು, ಈಗಲೂ. ಆದರೆ ಒಂದು ಪದ ತಿಳಿಯದೆ ಅವನನ್ನು ವರ್ಷಗಟ್ಟಲೆ ಜೈಲಿನಲ್ಲಿ ಸಾಕುವುದು ಯಾವ ಉಳಿತಾಯ? ಇನ್ನೊಂದು ವಿಚಿತ್ರ. ಊರಿನವರು ನೋಡಲಿ ಎಂದೆನಲ್ಲ, ಅವನ ಊರ ಕಡೆಯವನು ನಾನೇ ಇದ್ದೇನೆ. ಈ ಪ್ರಶ್ನೆ ಕೇಳಿದವನು ಮಾತ್ರ ಕನ್ನಡವೇ ಬಾರದ ಆ ವಕೀಲ.

ಇಲ್ಲಿ ಪುಟದ ಮೇಲೆ ಉದ್ದಕ್ಕೆ ಗೀರು ಬಿತ್ತು. ಮಗಳು ಪ್ರತೀಕ್ಷಾ ಹಿಂದಿನಿಂದ ಬಂದು ಬೆನ್ನಿಗೆ ದೂಡಿದಳು.

"ಯಾಕ ದೂಡಿದ್ಯವಾ?" ಎಂದೆ.

"ಸಿಂಪ್ಲೀ, ಪಪ್ಪಾ!" ಎಂದು ನಗುತ್ತ ಓಡಿದಳು.

ಶನಿವಾರ ವಕೀಲನಿಗೆ ಈ ಗೀರನ್ನೇ ತೋರಿಸುತ್ತೇನೆ: "ಸುಮ್ನ" ಅಂದರೆ ಇದು, ದ್ವೇಷವಿಲ್ಲದ ಆಟ.