ಅಪ್ಪಾಜಿಯ ನೀಲಿ ಗಾಜು

ವಿದ್ಯಾನಗರ, ಶಿವಮೊಗ್ಗ
೧೨-೮-೧೯೬೪

ತೀರ್ಥರೂಪು ಅಪ್ಪಾಜಿಯವರ ಪಾದಗಳಿಗೆ ಜಯಶೀಲಾಳ ನಮಸ್ಕಾರಗಳು.

ಇವತ್ತು ಕಾಲೇಜಿನಲ್ಲಿ ಮೇಷ್ಟ್ರು ಕ್ವೇಸಾರ್ ಎಂಬ ಹೊಸ ಆಕಾಶಕಾಯದ ವಿಷಯ ಹೇಳಿದರು. ಅದು ನಮ್ಮಿಂದ ದೂರ ಓಡುತ್ತಿರುವುದರಿಂದ ಅದರ ಬೆಳಕು ಕೆಂಪಿನ ಕಡೆಗೆ ಸರಿದು ಕಾಣುತ್ತದಂತೆ. "ಬಣ್ಣ ಬೇರೆ ಕಂಡ್ರೆ ಮೊದ್ಲು ನೋಡೋ ಕಣ್ಣನ್ನ ಪರೀಕ್ಷೆ ಮಾಡ್ಬೇಕು" ಎಂದರು. ಮುಂದಿನದೇನೂ ನನಗೆ ಕೇಳಿಸಲಿಲ್ಲ.

ಭಾನುವಾರ ನಾನು ಭದ್ರಾವತಿಗೆ ಬಂದು ಎರಕದ ಶೆಡ್ಡಿಗೆ ಬುತ್ತಿ ತಂದಾಗ, ನೀವು ಹದ ನೋಡುವ ನೀಲಿ ಗಾಜಿನಲ್ಲಿ ಕುಲುಮೆ ನೋಡಿ "ಇನ್ನೂ ಕೆಂಪಗಿದೆ, ಕಾಯ್ರೋ" ಎಂದಿರಿ. ಹೂವಪ್ಪ ಮಾಮ, "ಬೆಳ್ಳಗಾಗಿ ಎಷ್ಟೊತ್ತಾಯ್ತು ಮಾರಾಯ್ರೇ" ಎಂದರು. ನೀವು ಗದರಿದಿರಿ. ಆಮೇಲೆ ಅದೇ ಗಾಜಿನಲ್ಲಿ ನಾನೂ ನೋಡಿದೆ. ಮಾಮನ ಮಾತೇ ಸರಿಯಿತ್ತು.

ಹದ ಮೀರಿದರೆ ಕಬ್ಬಿಣ ಸಿಡಿಯುತ್ತದೆ ಎಂದು ನನಗೆ ಹೇಳಿಕೊಟ್ಟವರು ನೀವೇ.

ಶನಿವಾರದ ರೈಲಿಗೆ ಬನ್ನಿ. ಕಣ್ಣಿನ ಡಾಕ್ಟರ ಹತ್ತಿರ ಮಾತಾಡಿದ್ದೇನೆ. ಅಲ್ಲಿಯವರೆಗೆ ಹದ ನೋಡುವುದನ್ನು ಮಾಮನಿಗೆ ಬಿಡಿ. ನೀವೇ ಓದಿಕೊಳ್ಳುವಂತೆ ಅಕ್ಷರಗಳನ್ನು ದೊಡ್ಡದಾಗಿ ಬರೆದಿದ್ದೇನೆ.

ನಿಮ್ಮ ಮಗಳು,
ಜಯಶೀಲಾ

ಅಮ್ಮಾ, ಅಪ್ಪಾಜಿ ಈ ಪತ್ರವನ್ನು ನಿನ್ನ ಕೈಗೆ ಕೊಟ್ಟು ಓದಿಸುತ್ತಿದ್ದರೆ, ಈ ಕಡೆಯ ಸಾಲುಗಳನ್ನು ಮಾತ್ರ ಗಟ್ಟಿಯಾಗಿ ಓದಬೇಡ. ಅವರ ನೀಲಿ ಗಾಜನ್ನು ಬಚ್ಚಿಡು.