ಹಿಲ್ಡಾಳ ಲಸ್ಟರ್ ಜಗ್ಗುಗಳು

ಸಂಡರ್‌ಲೆಂಡ್,
೯ ಮಾರ್ಚ್ ೧೯೬೮

ಮಗಳೇ ಮಾರಿಯನ್,

ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದೆ ಕೂತ ಈ ಸೋಮಾರಿ ಸೋದರಮಾವನ ಕಿವಿ ಹಿಂಡುವುದಿದ್ದರೆ ಇಲ್ಲಿಗೇ ಬಂದು ಹಿಂಡು. ನಾನು ಗಟ್ಟಿಮುಟ್ಟಾಗಿದ್ದೇನೆ. ನಿನ್ನತ್ತೆ ಹಿಲ್ಡಾ ಇನ್ನೂ ಆಸ್ಪತ್ರೆಯಲ್ಲೇ. ಯಾವಾಗ ಮನೆಗೆ ಕಳಿಸುತ್ತೀರಿ ಎಂದರೆ ಡಾಕ್ಟರು "ನೋಡೋಣ" ಅನ್ನುತ್ತಾರೆ.

ಮೊದಲು ನನ್ನ ಪ್ರತಾಪ ಕೇಳು. ಹೋದ ಶನಿವಾರದ ಹರಾಜಿನಲ್ಲಿ, ನ್ಯೂಕಾಸಲಿನ ವ್ಯಾಪಾರಿಗಳ ಮೂಗಿನಡಿಯಿಂದಲೇ ಒಂದು ಕಪ್ಪೆ ಲೋಟ ಹೊಡೆದುಕೊಂಡು ಬಂದೆ. ನೂರಿಪ್ಪತ್ತು ವರ್ಷ ಹಳೆಯದು. ಮೈತುಂಬ ಗುಲಾಬಿ ಮಿರುಗು, ಹೊರಗೆ ನಮ್ಮೂರಿನ ಕಬ್ಬಿಣದ ಸೇತುವೆಯ ಚಿತ್ರ, ಒಳಗೆ ತಳದಲ್ಲಿ ಪಿಂಗಾಣಿ ಕಪ್ಪೆ. ಪಾದ್ರಿಗಳು ಬಂದಾಗ ಅದರಲ್ಲೇ ಬಿಯರ್ ತುಂಬಿ ಕೊಟ್ಟೆ. ಅರ್ಧ ಕುಡಿದವರು, ಬಿಯರಿನೊಳಗಿಂದ ಕಪ್ಪೆ ತಲೆ ಎತ್ತಿದ್ದು ಕಂಡು, ಕೂಗಿಕೊಂಡು ಕುರ್ಚಿ ಬಿಟ್ಟೆದ್ದರು.

"ನಿನಗೆ ನರಕದಲ್ಲೂ ಜಾಗ ಕೊಡಲ್ಲ ಕಣಯ್ಯಾ, ಕತ್‌ಬರ್ಟ್!"

"ಹಾಗಾದ್ರೆ ಸ್ವರ್ಗದಲ್ಲಿ ನಿಮ್ಮ ಪಕ್ಕದಲ್ಲೇ ಕೂರ್ತೀನಿ ಬಿಡಿ," ಅಂದೆ.

ಆಮೇಲೆ, ಹಿಲ್ಡಾ ಬರುವ ಹೊತ್ತಿಗೆ ಕಪಾಟಿನಲ್ಲಿರುವ, ಅದೇ ಗುಲಾಬಿ ಮಿರುಗಿನ ಲಸ್ಟರ್ ಜಗ್ಗುಗಳೆಲ್ಲ ಫಳಫಳ ಅನ್ನಬೇಕೆಂದು ಹಠ ಹುಟ್ಟಿತು. ಹುಡುಕಿ ತರುವುದು ನಾನು, ತೊಳೆಯುವುದು ಅವಳು. ನನಗೆ ಮುಟ್ಟಲು ಬಿಟ್ಟವಳೇ ಅಲ್ಲ. ಹಡಗಿನ ಬಾಯ್ಲರ್ ಉಜ್ಜಿದ ಕೈ ನನ್ನದು, ಜಗ್ಗು ಯಾವ ಲೆಕ್ಕ? ಕುದಿಯುವ ನೀರಿಗೆ ಸೋಡಾ ಹಾಕಿ, ಬ್ರಷ್ಷು ಹಿಡಿದು ಗಸಗಸ ತಿಕ್ಕಿದೆ. ಪಕ್ಕದ ಮನೆಯ ನೆಟ್ಟಿ ಬಂದವಳು ಬಾಗಿಲಲ್ಲೇ ನಿಂತುಬಿಟ್ಟಳು.

"ಅಯ್ಯೋ ಪುಣ್ಯಾತ್ಮ, ಆ ಮಿರುಗು ಬರೀ ಲೋಹದ ತೆಳು ಪೊರೆ ಕಣೋ! ಹಿಲ್ಡಾ ಮೆತ್ತನೆ ಬಟ್ಟೆ ಅದ್ದಿ ಒರೆಸ್ತಿದ್ದಳು, ಅಷ್ಟೆ. ನೀನು ಎಲ್ಲಾನೂ ಮೋರಿಗೆ ಕುಡಿಸಿದ್ದೀಯಲ್ಲೋ!"

"ಸುಮ್ನಿರೇ, ಹಳೇ ಸಾಮಾನಿಗೆ ಹೊಸ ರೂಪ ಕೊಟ್ಟಿದ್ದೀನಿ."

"ಅವಳು ಬರಲಿ, ನಿನಗೂ ಹೊಸ ರೂಪ ಕೊಡ್ತಾಳೆ!"

ಈಗ ಅವೆಲ್ಲ ಆಸ್ಪತ್ರೆಯ ಪಾತ್ರೆಗಳ ಹಾಗೆ ಬೆಳ್ಳಗೆ ಕೂತಿವೆ. ನೋಡಿದರೆ ಏನೂ ಅನ್ನಿಸುವುದಿಲ್ಲ. ಚಹಾ ಮಾಡುತ್ತೇನೆ, ಆರಿಹೋಗುತ್ತದೆ, ಚೆಲ್ಲುತ್ತೇನೆ.

ನಿನ್ನ ಗಂಡನ ಕೆಮ್ಮಿಗೆ ಬಿಸಿನೀರಲ್ಲಿ ರಮ್ಮು ಬೆರೆಸಿ ಕೊಡು. ಈ ವಿಷಯದಲ್ಲಿ ಯಾವ ವೈದ್ಯನೂ ನನ್ನ ಸಮಕ್ಕೆ ಬರಲಾರ. ಮಕ್ಕಳಿಗೆ ಮುತ್ತು. ದೇವರು ನಿಮ್ಮ ಒಲೆ ಆರದಂತೆ ನೋಡಿಕೊಳ್ಳಲಿ.

ನಿನ್ನ ಮಾವ,
ಕತ್‌ಬರ್ಟ್

ತಾ.ಕ.: ಜಗ್ಗುಗಳ ವಿಷಯ ನಿನ್ನೆ ಅವಳಿಗೆ ಹೇಳಿಬಿಟ್ಟೆ. ಬೈಯಲಿ ಎಂದೇ ಹೇಳಿದೆ. ಒಂದು ಬಟ್ಟಲಿನ ಅಂಚು ಮುಕ್ಕಾದರೂ ವಾರಗಟ್ಟಲೆ ಬಿಡದೆ ಬೈದವಳು ಅವಳು. ನನ್ನ ಕೈ ಸವರಿ, "ಹೋಗ್ಲಿ ಬಿಡು. ಪಾಪ, ಎಷ್ಟು ಕಷ್ಟಪಟ್ಟು ತೊಳೆದಿದ್ದೀಯ," ಅಂದಳು. ಯಾವಾಗ ಮನೆಗೆ ಕಳಿಸುತ್ತೀರಿ ಎಂದು ಡಾಕ್ಟರನ್ನು ಮತ್ತೆ ಕೇಳದೆ ಎದ್ದು ಬಂದೆ. ನೀನು ಈ ವಾರವೇ ಹೊರಟು ಬಾ.