ಅಳತೆ ಚೀಟಿಯ ಎರಡು ಪ್ರತಿ

ಹೊಲಿಗೆ ಅಂಗಡಿ,
ಜೂನ್ 12, ಗುರುವಾರ ಬೆಳಿಗ್ಗೆ

ಪ್ರೀತಿಯ ಸೊಸೆಗೆ,

ಹೇಗಿದ್ದೀಯಮ್ಮ? ಬೆನ್ನುನೋವು ಕಡಿಮೆಯಾಯಿತೇ? ಗುಂಡಮ್ಮನನ್ನು ಇನ್ನೂ ಸೊಂಟದ ಮೇಲೇ ಹೊತ್ತು ತಿರುಗುತ್ತೀಯಾ? ಐದು ವರ್ಷದ ಮಗು, ನಿನ್ನ ಸೊಂಟ ಬಿದ್ದುಹೋದೀತು. ನೀನು ತವರಿಗೆ ಹೋಗಿ ನಾಲ್ಕು ತಿಂಗಳಾಯಿತು, ಯಾರ ಮಾತಿಗೆ ಹೋದೆ ಎಂದು ನನಗೆ ಗೊತ್ತು. ಅಕ್ಷರ ಸೊಟ್ಟಗಿದ್ದರೆ ವಯಸ್ಸಾಯಿತು ಎಂದುಕೊಳ್ಳಬೇಡ, ಖುಷಿಗೆ ಅವಸರದಲ್ಲಿ ಬರೆಯುತ್ತಿದ್ದೇನೆ. ನಿನ್ನ ಗಂಡನೇ ಬಾಯಲ್ಲಿ ಹೇಳಬಹುದಿತ್ತು, ಆದರೆ ಅವನು ಅರ್ಧ ಮಾತು ನುಂಗುವವನು. ಅದಕ್ಕೇ ಬರೆದು ಅವನ ಕೈಯಲ್ಲಿ ಕೊಡುತ್ತಿದ್ದೇನೆ.

ಮಗುವಿನ ಫಿಟ್ಸ್ ಕಾಯಿಲೆಯ ಮೂಲ ಸಿಕ್ಕಿತು. ಇದು ಮೈಟೊಕಾಂಡ್ರಿಯಾದ ಕಾಯಿಲೆ, ಅದು ತಾಯಿಯಿಂದಲೇ ಬರುವುದು ಎಂದು ಮೊದಲ ಡಾಕ್ಟರು ಹೇಳಿದ್ದೇ ತಡ, ಎಲ್ಲರೂ ನಿನ್ನ ಕಡೆ ಬೆರಳು ಮಾಡಿದೆವು. ಮೂರು ವರ್ಷ ನಿನ್ನ ರಕ್ತವನ್ನೇ ತೆಗೆದರು, ನಿನ್ನ ಗಂಡನ ತೋಳಿಗೆ ಒಬ್ಬರೂ ಸೂಜಿ ಚುಚ್ಚಲಿಲ್ಲ. ಹೊಸ ಡಾಕ್ಟರಮ್ಮ ಫೈಲು ತಿರುವಿ, "ಅಪ್ಪಂದು ಎಲ್ಲಿ?" ಅಂದರು. ಅವನದನ್ನು ತೆಗೆಯುವಾಗ ನಾನೂ ತೋಳು ಚಾಚಿದೆ. ನಮ್ಮ ಕಡೆ ಏನೂ ಇಲ್ಲ ಎಂದು ಕಾಗದದಲ್ಲೇ ಬರಲಿ ಎನ್ನುವ ಜಂಬ ನನಗೆ.

ಜೀವಕೋಶದೊಳಗೆ ಕೂತು ಮೆದುಳಿಗೆ ಶಕ್ತಿ ಕೊಡುವುದು ಈ ಮೈಟೊಕಾಂಡ್ರಿಯಾ. ಆದರೆ ಅದಕ್ಕೆ ಬೇಕಾದ ಜೀನ್‌ಗಳಲ್ಲಿ ಹೆಚ್ಚಿನವು ತಂದೆಯಿಂದ ಒಂದು, ತಾಯಿಯಿಂದ ಒಂದು ಎಂದು ಎರಡು ಪ್ರತಿಯಲ್ಲಿ ಬರುತ್ತವಂತೆ. ನಾನು ಅಳತೆ ಚೀಟಿ ಎರಡು ಬರೆದು, ಒಂದನ್ನು ಬಟ್ಟೆಗೆ ಚುಚ್ಚಿ ಇನ್ನೊಂದನ್ನು ಡ್ರಾಯರಿನಲ್ಲಿ ಇಡುತ್ತೇನಲ್ಲ, ಹಾಗೆ. ಒಂದು ಅಳಿಸಿಹೋದರೂ ಇನ್ನೊಂದನ್ನು ನೋಡಿ ಹೊಲಿಯಬಹುದು. ನಿನ್ನಲ್ಲಿ ಒಂದು ಅಳಿಸಿದೆ, ಅವನಲ್ಲಿ ಒಂದು. ಇನ್ನೊಂದು ಸರಿಯಿದೆ, ಅದಕ್ಕೇ ನೀವಿಬ್ಬರೂ ಗಟ್ಟಿಮುಟ್ಟಾಗಿದ್ದೀರಿ. ಪಾಪದ ಗುಂಡಮ್ಮನಿಗೆ ಅಳಿಸಿದ ಎರಡೂ ಬಂದವು.

ಇನ್ನೂ ಕೇಳು, ಈ ಬಗೆಯದಕ್ಕೆ ಮದ್ದಿದೆ. ಎರಡು ವಿಟಮಿನ್, ದೊಡ್ಡ ಪ್ರಮಾಣದಲ್ಲಿ, ದಿನವೂ. "ಮಗು ಕಳ್ಕೊಂಡಿದ್ದೆಲ್ಲ ವಾಪಸ್ ಬರುತ್ತೆ ಅಂತ ಹೇಳಲ್ಲ, ಆದ್ರೆ ಫಿಟ್ಸ್ ನಿಲ್ಲಬಹುದು. ಇವತ್ತೇ ಶುರು ಮಾಡಿ" ಅಂದರು ಡಾಕ್ಟರಮ್ಮ. ಆ ಸಂಭ್ರಮದಲ್ಲಿ ಅಂಗಡಿಗೆ ಬಂದು ಒಂದು ಅಂಗಿಗೆ ಎರಡೂ ಎಡದೋಳೇ ಹಚ್ಚಿಬಿಟ್ಟೆ. ಮಾತ್ರೆ ಅವನ ಚೀಲದಲ್ಲಿದೆ.

ಗುಂಡಮ್ಮನ ಎರಡೂ ಕೆನ್ನೆಗೆ ನನ್ನ ಮುತ್ತು. ನಿನ್ನ ಅಮ್ಮನಿಗೆ ನಮಸ್ಕಾರ ಹೇಳು, ಅವರಿಗೆ ಬೇಕೆನಿಸಿದರೆ.

ನಿನ್ನ ಅತ್ತೆ

ವಿ.ಸೂ.: ಇದನ್ನು ಬಸ್ಸಿನಲ್ಲಿ, ಅವನ ಪಕ್ಕ ಕೂತು ಗೀಚುತ್ತಿದ್ದೇನೆ. ಅವನು ಹೊರಡುವ ಹೊತ್ತಿಗೆ ನನ್ನ ರಕ್ತದ ವರದಿಯೂ ಬಂತು, ಅದಕ್ಕೇ ನಾನೂ ಹೊರಟೆ. ಅವನಿಗೆ ಆ ಅಳಿಸಿದ ಪ್ರತಿ ಹೋದದ್ದು ನನ್ನಿಂದ. "ನಿನ್ನ ಹೊಟ್ಟೆಯಿಂದಲೇ ಬಂದಿದ್ದು" ಅಂತ ಆ ದಿನ ನಿನಗೆ ಹೇಳಿದವಳು ನಾನು. ತಪ್ಪಾಯಿತು ಮಗಳೇ. ನೀನು ಇದನ್ನು ಓದುವ ಹೊತ್ತಿಗೆ ನಿಮ್ಮ ಗೇಟಿನ ಹೊರಗೆ ನಿಂತಿರುತ್ತೇನೆ. ಮೊದಲು ಮಗುವಿಗೆ ಮಾತ್ರೆ ಕೊಡು. ಆಮೇಲೆ, ಕರೆಯಬೇಕು ಅನಿಸಿದರೆ ಕರಿ.